ಉಳಿದ ಉಲ್ಲನ್ನಿನ ಹೊದಿಕೆ

(ಸಂಘದ ವಾರ್ಷಿಕೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ 'ಬಿಡುವಿನ ವೇಳೆಯ ಸದುಪಯೋಗ'. ಅದರ ಬಗ್ಗೆ ಮಾತಾಡಲು ನಾನೊಂದು ಹೊದಿಕೆ ತಂದಿದ್ದೇನೆ. ಕ್ರೋಷಾ ಕಡ್ಡಿಯಿಂದ ಹೆಣೆದದ್ದು. ಇದರಲ್ಲಿ 80 ಚೌಕಗಳಿವೆ. ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಆದರೂ ಎಲ್ಲವೂ ಒಂದೇ ಮನೆಯವರ ಹಾಗೆ ಕಾಣುತ್ತವೆ.

ನಮ್ಮದು ಮಡಿಕೇರಿ. ಅಲ್ಲಿ ಮಳೆಗಾಲವೆಂದರೆ ಚಳಿಯೂ ಹೌದು. ನನ್ನ ಉಮ್ಮ ಕೇರಿಯ ಮಕ್ಕಳಿಗೆಲ್ಲ ಸ್ವೆಟರ್, ಟೊಪ್ಪಿ ಹೆಣೆದು ಕೊಡುತ್ತಿದ್ದರು. ಒಂದೊಂದು ಸ್ವೆಟರ್ ಮುಗಿದಾಗಲೂ ನಿಂಬೆಹಣ್ಣಿನಷ್ಟು ಉಲ್ಲನ್ ಉಳಿಯುತ್ತಿತ್ತು. ಅದನ್ನು ಒಂದು ಬಟ್ಟೆಯ ಚೀಲಕ್ಕೆ ಹಾಕಿಡುತ್ತಿದ್ದರು. ಚೀಲ ತುಂಬಿದಾಗ ಹೊದಿಕೆಯ ಕೆಲಸ ಶುರುವಾಗುತ್ತಿತ್ತು.

ಈ ಚೌಕಕ್ಕೆ ಇಂಗ್ಲಿಷಿನಲ್ಲಿ 'ಗ್ರ್ಯಾನಿ ಸ್ಕ್ವೇರ್', ಅಂದರೆ ಅಜ್ಜಿಯ ಚೌಕ ಎಂದು ಹೆಸರು. 1885ರಲ್ಲಿಯೇ ಅಮೆರಿಕದ 'ಪ್ರೈರಿ ಫಾರ್ಮರ್' ಎಂಬ ರೈತರ ಪತ್ರಿಕೆಯಲ್ಲಿ ಇದರ ಮಾದರಿ ಅಚ್ಚಾಗಿತ್ತು. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಾರಲ್ಲ, ಅದರ ಹಿಂದಿನ ಬುದ್ಧಿಯೇ ಇದರ ಹಿಂದೆಯೂ ಇದೆ.

ಮಾಡುವ ಕ್ರಮ ಕಷ್ಟದ್ದಲ್ಲ. 4 ಸರಪಳಿ ಹಾಕಿ, ತುದಿ ಸೇರಿಸಿ ಉಂಗುರ ಮಾಡಿ. ಅದರೊಳಗೆ ಮೂರು ಮೂರು ಕಂಬಗಳ ನಾಲ್ಕು ಗುಂಪು ಹೆಣೆಯಿರಿ. ಗುಂಪುಗಳ ನಡುವೆ 3 ಸರಪಳಿ ಬಿಡಿ. ಅವೇ ನಾಲ್ಕು ಮೂಲೆಗಳು. ಮುಂದಿನ ಸುತ್ತಿಗೆ ಬಣ್ಣ ಬದಲಿಸಿ. ಪ್ರತಿ ಮೂಲೆಯಲ್ಲಿ ಒಂದು ಗುಂಪು, 3 ಸರಪಳಿ, ಮತ್ತೊಂದು ಗುಂಪು. ಮೂರನೇ ಸುತ್ತಿನಿಂದ ಬದಿಗಳಲ್ಲಿ ಸಿಗುವ ಸಂದುಗಳಿಗೆ ಒಂದೊಂದೇ ಗುಂಪು ಸಾಕು. ಹೀಗೆ ಗುಂಪುಗಳು 4, 8, 12, 16 ಎಂದು ಬೆಳೆಯುತ್ತವೆ. ಆದ್ದರಿಂದ ತೀರ ಚಿಕ್ಕ ಉಂಡೆ ನಡುವಿಗೆ, ದೊಡ್ಡದು ಹೊರಗಿನ ಸುತ್ತಿಗೆ. ಒಂದೇ ದಪ್ಪದ ದಾರವನ್ನೇ ಆರಿಸಿಕೊಳ್ಳಿ, ಇಲ್ಲದಿದ್ದರೆ ಚೌಕಗಳ ಅಳತೆ ಕೂಡುವುದಿಲ್ಲ. ಕುರಿ ಉಣ್ಣೆಯನ್ನೂ ಅಕ್ರಿಲಿಕ್ ದಾರವನ್ನೂ ಬೆರೆಸಬೇಡಿ. ಬಿಸಿ ನೀರಿನಲ್ಲಿ ಒಗೆದರೆ ಉಣ್ಣೆ ಕುಗ್ಗುತ್ತದೆ. ಕೊನೆಯ ಸುತ್ತು ಮಾತ್ರ ಎಲ್ಲ ಚೌಕಗಳಿಗೂ ಒಂದೇ ಬಣ್ಣವಿರಲಿ. ಉಮ್ಮ ಅದಕ್ಕೆ ಕಪ್ಪು ಹಾಕುತ್ತಿದ್ದರು. ಎಲ್ಲವೂ ಒಂದೇ ಮನೆಯವರಂತೆ ಕಾಣುವುದು ಆ ಕಪ್ಪು ಅಂಚಿನಿಂದ.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. 1994ರಲ್ಲಿ ನಾನು ದ್ವಿತೀಯ ಪಿಯುಸಿಯಲ್ಲಿದ್ದೆ. ಪರೀಕ್ಷಾ ಶುಲ್ಕ ಕಟ್ಟಬೇಕಿತ್ತು. ಇದೇ ಅಳತೆಯ ಒಂದು ಹೊದಿಕೆಯನ್ನು ನೋಡಿ ಒಬ್ಬ ಮಹಿಳೆ ಬೆಲೆ ಕೇಳಿದರು. ಉಮ್ಮ ಸಂಕೋಚದಿಂದ, "ಉಳಿದ ಉಲ್ಲನ್ ತಾನೆ, ಹೊತ್ತು ಹೋಗಲೆಂದು ಮಾಡಿದ್ದು. ನಿಮಗೆ ತೋಚಿದ್ದು ಕೊಡಿ" ಎಂದರು. ಆಕೆ 60 ರೂಪಾಯಿ ಕೊಟ್ಟರು. ನನ್ನ ಶುಲ್ಕಕ್ಕೆ ಅದೂ ಸೇರಿತು. ಆಕೆಯದು ತಪ್ಪೆಂದು ನಾನು ಹೇಳಲಾರೆ. ಬೆಲೆಯನ್ನು ಮೊದಲು ಇಳಿಸಿದ್ದು ನಾವೇ.

ಆ ಲೆಕ್ಕವನ್ನು ನಾನು ಮಾಡಿದ್ದು ಬಹಳ ವರ್ಷಗಳ ನಂತರ, ಒಂದು ಪುಸ್ತಕ ಓದಿದ ಮೇಲೆ. ಆಂಧ್ರದ ನರಸಾಪುರದಲ್ಲಿ ಮಹಿಳೆಯರು ಕ್ರೋಷಾ ಲೇಸ್ ಹೆಣೆಯುತ್ತಾರೆ. ಅದು ಹೊರದೇಶಗಳಿಗೂ ಹೋಗುತ್ತದೆ. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ ಅಲ್ಲಿಯ ಹೆಂಗಸರ ಬಗ್ಗೆ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಮನೆಗೆಲಸದ ಜೊತೆಗೆ ದಿನವೂ ಗಂಟೆಗಟ್ಟಲೆ ಲೇಸ್ ಹೆಣೆಯುವ ಆ ಹೆಂಗಸರನ್ನು ಯಾರೂ ಕೆಲಸಗಾರರೆಂದು ಎಣಿಸುತ್ತಿರಲಿಲ್ಲ. ಗೃಹಿಣಿಯರು ಬಿಡುವಿನಲ್ಲಿ ಮಾಡುವುದು ಎಂಬ ಆ ಒಂದು ಮಾತಿನಿಂದಲೇ ಕೂಲಿ ತೀರ ಕಡಿಮೆ ಉಳಿಯಿತು. ಓದುವಾಗ ನನಗೆ ಉಮ್ಮನ ದನಿ ಕೇಳಿದಂತಾಯಿತು.

ಲೆಕ್ಕ ನೀವೂ ಮಾಡಿ ನೋಡಿ. ಒಂದು ಚೌಕಕ್ಕೆ 20 ನಿಮಿಷ. 80 ಚೌಕಕ್ಕೆ 1,600 ನಿಮಿಷ, ಅಂದರೆ 26 ಗಂಟೆ 40 ನಿಮಿಷ. ದಾರದ ತುದಿಗಳನ್ನು ಒಳಗೆ ಸೇರಿಸಿ, ಚೌಕಗಳನ್ನು ಜೋಡಿಸಲು ಇನ್ನು 8 ಗಂಟೆ. ಒಟ್ಟು ಸುಮಾರು 35 ಗಂಟೆ. ಗಂಟೆಗೆ ಎರಡು ರೂಪಾಯಿಯೂ ಬೀಳಲಿಲ್ಲ. ಅದೂ ಕಪ್ಪು ಉಲ್ಲನ್ ಅಂಗಡಿಯಿಂದ ತಂದದ್ದು! 40 ಗುಂಪುಗಳ ಚೌಕದಲ್ಲಿ 16 ಗುಂಪು ಕಪ್ಪೇ. ಎಲ್ಲವೂ ಉಳಿದ ದಾರ ಎಂಬುದು ಕೂಡ ಪೂರ್ತಿ ನಿಜವಾಗಿರಲಿಲ್ಲ.

ಸಹೋದರಿಯರೇ, ಬಿಡುವಿನಲ್ಲಿ ಕೆಲಸ ಮಾಡಿ ಎಂದು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಮಾಡಿದ್ದನ್ನು ಬರೆದಿಡಿ ಎನ್ನುವುದೇ ನನ್ನ ವಿನಂತಿ. ಪ್ರೀತಿಯಿಂದ ಕೊಡುವುದಾದರೆ ಸುಮ್ಮನೆ ಕೊಡಿ. ಅದಕ್ಕೆ ಲೆಕ್ಕ ಬೇಡ. ಮಾರುವುದಾದರೆ ದಾರದ ಖರ್ಚು, ಹಿಡಿದ ಗಂಟೆಗಳು ಎರಡನ್ನೂ ಪುಸ್ತಕದಲ್ಲಿ ಗುರುತು ಮಾಡಿ. ಮುಂದಿನ ವರ್ಷ ನಮ್ಮ ಕರಕುಶಲ ಪ್ರದರ್ಶನದಲ್ಲಿ ಪ್ರತಿ ವಸ್ತುವಿನ ಚೀಟಿಯಲ್ಲೂ ಬೆಲೆಯ ಜೊತೆ ಗಂಟೆಗಳನ್ನೂ ಬರೆಯೋಣವೆಂದು ಸಂಘದ ಹಿರಿಯರಲ್ಲಿ ಕೇಳಿಕೊಳ್ಳುತ್ತೇನೆ. ವಿದ್ಯಾರ್ಥಿಗಳೇ, ನೀವು ಶಾಲೆಯಲ್ಲಿ ಕಲಿತ ಗುಣಾಕಾರ, ಭಾಗಾಕಾರ ಮೊದಲು ನಿಮ್ಮ ತಾಯಿಯ ಕೆಲಸಕ್ಕೆ ಬಳಕೆಯಾಗಲಿ.

ನಾನು ತಂದಿರುವ ಈ ಹೊದಿಕೆಯಲ್ಲಿ 53 ಚೌಕಗಳು ಉಮ್ಮನವು. ಅವರ ಕಣ್ಣು ಮಂದವಾದ ಮೇಲೆ ಉಳಿದ 27 ನಾನು ಹೆಣೆದೆ. ನನ್ನವು ಸ್ವಲ್ಪ ಸಡಿಲ, ನೋಡಿದರೆ ತಿಳಿಯುತ್ತದೆ. ಮುಗಿದ ದಿನ ಅವರ ಮಡಿಲಲ್ಲಿಟ್ಟು ಗಂಟೆಗಳ ಲೆಕ್ಕ ಓದಿ ಹೇಳಿದೆ. ಉಮ್ಮ ಬೆರಳಿನಿಂದ ಚೌಕಗಳನ್ನು ಸವರುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಷ್ಟು ಹೊತ್ತು ಕೂತಿದ್ದೆನಾ ನಾನು? ಯಾರೂ ಹೇಳಲೇ ಇಲ್ಲವಲ್ಲ ಮಗಳೇ" ಎಂದರು.

ಇಂದು ಮನೆಗೆ ಹೋದ ಮೇಲೆ ನಿಮ್ಮ ತಾಯಿಗೆ ನೀವು ಹೇಳಿ.