ತಾಯಿಯಿಂದ ಮಾತ್ರ ಬರುವ ಸೊತ್ತು



ನಾಡುನುಡಿಗಳ ವಿಚಾರ ಕೇಳಲು ನೆರೆದಿರುವ ತಮ್ಮೆದುರು ಸೊಳ್ಳೆಯ ಮಾತೆತ್ತುವುದಕ್ಕೆ ಕ್ಷಮೆಯಿರಲಿ. ನೌಕರಿಯ ದೆಸೆಯಿಂದ ನಾನು ಮೊದಲು ವಿಜಯವಾಡದಲ್ಲಿಯೂ ಈಗ ಈ ವಿಶಾಖಪಟ್ಟಣದಲ್ಲಿಯೂ ಮನೆ ಮಾಡಿದವನು. ಅಲ್ಲಿ ಕತ್ತಲಾಗುತ್ತಲೆ ಚರಂಡಿಗಳ ಕಡೆಯಿಂದ ಬಂದು ಕಾಡುತ್ತಿದ್ದುದು ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್. ಇಲ್ಲಿ ಹಾಡುಹಗಲೆ ಕಚ್ಚುವುದು ಡೆಂಗೆ ತರುವ ಈಡಿಸ್ ಈಜಿಪ್ಟೈ. ಎರಡಕ್ಕೂ ಇನ್ನೊಂದು ಅಂತರವಿದೆ. ಕ್ಯೂಲೆಕ್ಸಿನ ಜೀವಕೋಶಗಳೊಳಗೆ ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯ ವಂಶಪಾರಂಪರ್ಯವಾಗಿ ನೆಲೆಸಿದೆ. ಈಡಿಸ್ ಈಜಿಪ್ಟೈಯಲ್ಲಿ ಅದು ಸ್ವಭಾವತಃ ಇಲ್ಲ. ಇಷ್ಟು ಸಣ್ಣ ಸಂಗತಿ ಒಮ್ಮೆ ನಮ್ಮ ಸಂಸತ್ತಿನವರೆಗೂ ಹೋಗಿತ್ತು.

1924ರಲ್ಲಿ ಅಮೆರಿಕದ ಹರ್ಟಿಗ್ ಮತ್ತು ವೊಲ್ಬಾಕ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ಕಂಡದ್ದು ಕ್ಯೂಲೆಕ್ಸ್ ಸೊಳ್ಳೆಯಲ್ಲಿಯೆ. ಅಂಡಾಣುವಿನಲ್ಲಿ ಇದಕ್ಕೆ ಸ್ಥಳವಿದೆ, ವೀರ್ಯಾಣುವಿನಲ್ಲಿ ಇಲ್ಲ. ಆದ್ದರಿಂದ ಇದು ತಾಯಿಯಿಂದ ಮಾತ್ರ ಸಂತತಿಗೆ ಇಳಿಯುತ್ತದೆ. ನಮ್ಮ ಕರಾವಳಿಯ ಬಂಧುಗಳಿಗೆ ಅಳಿಯಸಂತಾನದ ನೆನಪಾಗಬಹುದು. ಆದರೆ ಅಲ್ಲಿ ಸೋದರಮಾವನಿಗೆ ಯಜಮಾನಿಕೆಯಾದರೂ ಇತ್ತು. ಬ್ಯಾಕ್ಟೀರಿಯದ ಲೆಕ್ಕದಲ್ಲಿ ಗಂಡು ಮುಂದಕ್ಕೆ ದಾರಿಯಿಲ್ಲದ ಮನೆ. ಇದರ ತಂತ್ರಗಳೆಲ್ಲ ಇಲ್ಲಿಂದಲೆ ಹುಟ್ಟಿವೆ. ಕೆಲವು ಕೀಟಗಳಲ್ಲಿ ಗಂಡುಮರಿಗಳನ್ನು ಭ್ರೂಣದಲ್ಲಿಯೆ ಕೊಲ್ಲುತ್ತದೆ. ಕಬ್ಬಿನ ಗದ್ದೆಗೆ ರೈತರು ಕಾರ್ಡುಗಳಲ್ಲಿ ತಂದು ಬಿಡುವ ಟ್ರೈಕೋಗ್ರಾಮ ಕಣಜಗಳ ಕೆಲವು ತಳಿಗಳಲ್ಲಿ ಗಂಡಿನ ಸಂಪರ್ಕವಿಲ್ಲದೆ ಹೆಣ್ಣಿಗೆ ಹೆಣ್ಣೇ ಹುಟ್ಟುವಂತೆ ಮಾಡುತ್ತದೆ. ಪ್ರತಿಜೀವಕ ಔಷಧ ಉಣಿಸಿದರೆ ಗಂಡುಗಳು ಮರಳಿ ಹುಟ್ಟುತ್ತವೆಂದು 1990ರಲ್ಲಿ ತಿಳಿಯಿತು.

ಕ್ಯೂಲೆಕ್ಸಿನಲ್ಲಿ ನಡೆಯುವ ಉಪಾಯ ಇನ್ನೂ ಸೂಕ್ಷ್ಮ. ಬ್ಯಾಕ್ಟೀರಿಯವುಳ್ಳ ಗಂಡು, ಅದಿಲ್ಲದ ಹೆಣ್ಣನ್ನು ಕೂಡಿದರೆ ಮೊಟ್ಟೆಗಳು ಒಡೆಯುವುದಿಲ್ಲ. ಬ್ಯಾಕ್ಟೀರಿಯವುಳ್ಳ ಹೆಣ್ಣಿಗೆ ಈ ಶಿಕ್ಷೆ ಇಲ್ಲ. ಅದಿರುವ ಗಂಡಾಗಲಿ ಇಲ್ಲದ ಗಂಡಾಗಲಿ, ಸಂತಾನ ಉಳಿಯುತ್ತದೆ. ಹೀಗೆ ಕೆಲವು ತಲೆಮಾರುಗಳಲ್ಲಿ ಬ್ಯಾಕ್ಟೀರಿಯವಿಲ್ಲದ ವಂಶಗಳು ಸೊರಗಿ, ಇರುವ ವಂಶಗಳೆ ಊರನ್ನು ತುಂಬುತ್ತವೆ.

ಇದು ನಮ್ಮ ನಾಡಿಗೂ ಪರಕೀಯವಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಕರ್ನಾಟಕಕ್ಕೆ ಬಂದ ಊಜಿ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು, ಅದರ ಮರಿ ಗೂಡನ್ನು ತೂತು ಮಾಡಿ ಹೊರಬಂದು, ನೂಲು ತೆಗೆಯಲಾಗದಂತೆ ಮಾಡಿ ರೈತರನ್ನು ಅಳಿಸಿತು. ಆ ನೊಣದೊಳಗೂ ವೊಲ್ಬಾಕಿಯ ಇದೆಯೆಂದೂ ಅದನ್ನು ತೆಗೆದರೆ ನೊಣದ ಸಂತಾನಶಕ್ತಿ ಕುಗ್ಗುತ್ತದೆಂದೂ ಬೆಂಗಳೂರು ವಿಶ್ವವಿದ್ಯಾಲಯದ ಎಚ್. ಪಿ. ಪುಟ್ಟರಾಜು ಮತ್ತು ಸಂಗಡಿಗರು ತೋರಿಸಿದರು. ಕನ್ನಡಿಗರು ಮಾಡಿದ ಈ ಕೆಲಸ ಕನ್ನಡದಲ್ಲಿ ಎಷ್ಟು ಜನಕ್ಕೆ ತಿಳಿದಿದೆಯೊ!

ಇನ್ನು ಸಂಸತ್ತಿನ ಮಾತು. 1967ರಲ್ಲಿ ಜರ್ಮನಿಯ ಲಾವನ್ ಬರ್ಮಾದ ಓಕ್ಪೊ ಎಂಬ ಹಳ್ಳಿಯಲ್ಲಿ ಹೊಂದಿಕೆಯಾಗದ ಗಂಡುಗಳನ್ನು ಬಿಟ್ಟು ಅಲ್ಲಿನ ಕ್ಯೂಲೆಕ್ಸನ್ನು ಅಳಿಸಿ ತೋರಿಸಿದ್ದ. ಅದನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯೂ ಕೂಡಿ ದೆಹಲಿಯಲ್ಲಿ ಒಂದು ಘಟಕ ತೆರೆದುವು. ಹಣ ಅಮೆರಿಕದ ಪಿ.ಎಲ್. 480 ನಿಧಿಯದು. ಈಡಿಸ್ ಮೇಲೆಯೂ ಪ್ರಯೋಗ ಏಕೆ, ಈ ಮಾಹಿತಿ ಜೈವಿಕ ಯುದ್ಧಕ್ಕೊ ಎಂದು ಪತ್ರಿಕೆಗಳು ಕೇಳಿದುವು. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕಟುವಾಗಿ ಬರೆಯಿತು. ಸೋನೀಪತ್‌ನಲ್ಲಿ ಬಿಡಬೇಕೆಂದಿದ್ದ ಸೊಳ್ಳೆಗಳು ಪಂಜರದಲ್ಲಿಯೆ ಉಳಿದುವು. 1975ರಲ್ಲಿ ಘಟಕ ಮುಚ್ಚಿತು. ವಿಜ್ಞಾನಿಗಳು ಇದನ್ನು ಅಜ್ಞಾನದ ಗೆಲುವೆಂದರು. ಸರ್ಕಾರದ ಕಡತಗಳ ನಡುವೆಯೆ ಬಾಳಿದ ನನಗೆ ಹಾಗೆ ತೋರುವುದಿಲ್ಲ. ಶಂಕೆ ತಪ್ಪಿದ್ದರೂ ಇರಬಹುದು. ಪ್ರಶ್ನೆ ಕೇಳುವ ಹಕ್ಕು ತಪ್ಪಲ್ಲ. ಯಾರ ಅಂಗಳಕ್ಕೆ ಸೊಳ್ಳೆ ಬರುವುದಿತ್ತೊ ಅವರಿಗೆ ಮೊದಲೆ ತಿಳಿಯುವ ಭಾಷೆಯಲ್ಲಿ ಹೇಳಿದ್ದರೆ ಆ ಶಂಕೆಗೆ ಅಷ್ಟು ಬಲ ಬರುತ್ತಿರಲಿಲ್ಲ.

ಆ ಪ್ರಶ್ನೆ ಈಗ ಮರಳಿ ಬಂದಿದೆ. ವೊಲ್ಬಾಕಿಯವನ್ನು ಈಡಿಸ್ ಒಳಗೆ ಸೇರಿಸಿದರೆ ಡೆಂಗೆ ವೈರಸ್ ಅದರಲ್ಲಿ ಸರಿಯಾಗಿ ಬೆಳೆಯದು. ಇಂಡೊನೇಷ್ಯದ ಯೋಗ್ಯಕರ್ತದಲ್ಲಿ ಅಂಥ ಸೊಳ್ಳೆ ಬಿಟ್ಟ ಬಡಾವಣೆಗಳಲ್ಲಿ ಡೆಂಗೆ ಶೇಕಡಾ 77ರಷ್ಟು ತಗ್ಗಿತೆಂದು 2021ರಲ್ಲಿ ಪ್ರಕಟವಾಯಿತು. ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವೂ ಇಂಥ ಎರಡು ತಳಿಗಳನ್ನು ಬೆಳೆಸಿರುವುದಾಗಿ 2022ರಲ್ಲಿ ತಿಳಿಸಿತು.

ನಮ್ಮ ಬೀದಿಗೆ ಶುಕ್ರವಾರ ಬರುವ ಆರೋಗ್ಯ ಕಾರ್ಯಕರ್ತೆ ಡ್ರಮ್ಮಿನ ನೀರು ಚೆಲ್ಲಿರೆಂದು ಹೇಳಿ ಹೋಗುತ್ತಾಳೆ. ಈ ವಿಚಾರ ಹೇಳಿದಾಗ ನನ್ನ ಮನೆಯಾಕೆ, "ಹಾಗಾದರೆ ನಾಳೆ ಅದೇ ಹುಡುಗಿ ಸೊಳ್ಳೆಮೊಟ್ಟೆಯ ಡಬ್ಬಿ ತಂದು ಅಂಗಳದಲ್ಲಿ ಇಡಿ ಅಂತಾಳೇನು? ಗಂಡುಸೊಳ್ಳೆ ಕಚ್ಚೋದಿಲ್ಲವಂತಲ್ಲ, ಅದನ್ನಷ್ಟೇ ಬಿಟ್ಟರಾಗದೆ?" ಎಂದಳು. ಯೋಗ್ಯಕರ್ತದ ರೀತಿಯಲ್ಲಿ ಆಗದು. ಊರ ಸೊಳ್ಳೆಗಳಲ್ಲೆಲ್ಲ ವೊಲ್ಬಾಕಿಯ ಹರಡಬೇಕಾದರೆ ಕಚ್ಚುವ ಹೆಣ್ಣನ್ನೂ ಬಿಡಲೇಬೇಕು. ಸೊತ್ತು ಇಳಿಯುವುದು ತಾಯಿಯಿಂದ ಮಾತ್ರ. ಇದನ್ನು ಆ ಹುಡುಗಿ ಬಾಗಿಲಲ್ಲಿ ನಿಂತು, ತೆಲುಗಿನಲ್ಲಿ, ಮನೆಮನೆಗೂ ಹೇಳಬೇಕಾದೀತು. ನಮಗೆ ಹೇಳುವಾಗ ಕನ್ನಡದಲ್ಲಿ ಕೇಳಿದ ನೆನಪು ತಮಗಿದ್ದರೆ, ನೆರೆಮನೆಯವರಿಗೆ ತಾವೂ ಎರಡು ಮಾತು ಹೇಳಬಹುದು.