ವಾಚ್ಯಾರ್ಥದ ಲೋಕ

ಎಲೆ ಹಾಕಿದೆ, ಊಟಕ್ಕೆ ಬನ್ನಿ ಎಂದು ಒಳಗಿನಿಂದ ಕರೆ ಬಂದಾಗ ನಾವು ಕೈಯಲ್ಲಿರುವ ಪುಸ್ತಕದಿಂದ ತಲೆಯೆತ್ತದೆಯೇ ‘ಬಂದೆ’ ಎನ್ನುತ್ತೇವೆ. ಬಂದಿರುವುದಿಲ್ಲ, ಕುಳಿತಲ್ಲಿಂದ ಎದ್ದೂ ಇರುವುದಿಲ್ಲ. ಆದರೂ ಕ್ರಿಯಾಪದ ಭೂತಕಾಲದ್ದು. ಕರೆದವರು ಅದನ್ನು ಸುಳ್ಳೆಂದು ಭಾವಿಸುವುದಿಲ್ಲ. ಇನ್ನೂ ಐದು ನಿಮಿಷವಾದೀತು ಎಂದು ಅರ್ಥಮಾಡಿಕೊಂಡು ಸಾರನ್ನು ಮತ್ತೆ ಒಲೆಯ ಮೇಲಿಡುತ್ತಾರೆ. ಕನ್ನಡದ ಈ ಸೊಗಸನ್ನು ನಾನು ತರಗತಿಯಲ್ಲಿ ಹಲವು ವರ್ಷ ವಿವರಿಸಿದ್ದೇನೆ. ಇಂಥದೇ ಒಂದು ಪ್ರಯೋಗ 583 ಜನರ ಸಾವಿನ ಕಾರಣಗಳಲ್ಲಿ ಒಂದಾಯಿತು ಎಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ.

ಆತ ಬಿ.ಎಸ್‌ಸಿ. ಓದುತ್ತಿದ್ದಾಗ ಭಾಷಾವಿಷಯವಾಗಿ ಕನ್ನಡವನ್ನು ತೆಗೆದುಕೊಂಡಿದ್ದವನು. ಈಗ ವಿಮಾನ ಸಂಚಾರದ ಕಂಟ್ರೋಲರ್ ಹುದ್ದೆಯಲ್ಲಿದ್ದಾನೆ. ಕೆಲವು ತಿಂಗಳ ಹಿಂದೆ ಮನೆಗೆ ಬಂದಿದ್ದಾಗ, “ಸಾರ್, ನೀವು ಅಭಿಧೆ, ಲಕ್ಷಣೆ, ವ್ಯಂಜನೆ ಎಂದು ಮೂರು ಶಬ್ದಶಕ್ತಿಗಳನ್ನು ಪಾಠ ಹೇಳಿದಿರಿ. ನಮ್ಮ ಕೆಲಸಕ್ಕೆ ಮೊದಲನೆಯದು ಮಾತ್ರ ಸಾಕು. ಉಳಿದೆರಡು ಒಳಗೆ ಬಂದರೆ ಅಪಾಯ” ಎಂದ. ನಗುತ್ತಲೇ ಹೇಳಿದ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ.

ಅಷ್ಟು ವಿಶಾಲವಾದ ಆಕಾಶದಲ್ಲಿ ಎಂಥ ದಟ್ಟಣೆ ಎಂದು ನೆಲದ ಮೇಲಿರುವ ನಮಗೆ ತೋರುವುದು ಸಹಜ. ಮುಂಬಯಿಯ ಹಳೆಯ ವಿಮಾನನಿಲ್ದಾಣವನ್ನೇ ನೋಡಿ. ಅಲ್ಲಿ ಎರಡು ರನ್‌ವೇಗಳಿವೆ. ಅವು ಒಂದನ್ನೊಂದು ಅಡ್ಡಹಾಯುವುದರಿಂದ ಎರಡನ್ನೂ ಏಕಕಾಲದಲ್ಲಿ ಸ್ವತಂತ್ರವಾಗಿ ಬಳಸುವಂತಿಲ್ಲ. ಬಹುಮಟ್ಟಿಗೆ ಒಂದೇ ಪಟ್ಟಿಯನ್ನು ನೆಚ್ಚಿಕೊಂಡ ಈ ನಿಲ್ದಾಣದಲ್ಲಿ ಏರುವ ಇಳಿಯುವ ವಿಮಾನಗಳ ಸಂಖ್ಯೆ ದಿನಕ್ಕೆ 900ನ್ನು ದಾಟಿದ್ದುಂಟು. ಅಂದರೆ ಸರಾಸರಿ ಒಂದೂವರೆ ನಿಮಿಷಕ್ಕೊಂದು. ದಿಕ್ಕು ದಿಕ್ಕಿನಿಂದ ಬರುವ ವಿಮಾನಗಳನ್ನು ಒಂದೇ ದಾರದಲ್ಲಿ ಮಣಿಗಳಂತೆ ಪೋಣಿಸಬೇಕು. ಎತ್ತರದಲ್ಲಿ ಹಾರುವ ಜೆಟ್ ವಿಮಾನ ನಿಮಿಷಕ್ಕೆ ಸುಮಾರು 15 ಕಿಲೋಮೀಟರ್ ಸಾಗುತ್ತದೆ. ಎರಡು ಎದುರುಬದುರಾದರೆ ಒಂದೊಂದು ಸೆಕೆಂಡಿಗೆ ಅರ್ಧ ಕಿಲೋಮೀಟರ್ ಅಂತರ ಕರಗುತ್ತದೆ. ಕಣ್ಣಿಗೆ ಕಂಡ ಮೇಲೆ ತಪ್ಪಿಸಿಕೊಳ್ಳುತ್ತೇನೆಂದರೆ ಹೊತ್ತು ಮೀರಿರುತ್ತದೆ. ಆದ್ದರಿಂದ ಒಂದು ಇನ್ನೊಂದರಿಂದ ಮೇಲೆ ಕೆಳಗೆ 1,000 ಅಡಿ, ಇಲ್ಲವೆ ಪಕ್ಕಕ್ಕೆ ಇಷ್ಟು ಮೈಲಿ ದೂರವಿರಬೇಕೆಂದು ಕಟ್ಟುಪಾಡು. 29,000 ಅಡಿಗಿಂತ ಮೇಲೆ ಈ ಅಂತರ ಹಿಂದೆ 2,000 ಅಡಿ ಇತ್ತು. ಎತ್ತರವನ್ನು ಅಳೆಯುವ ಉಪಕರಣಗಳು ಸುಧಾರಿಸಿದ ಮೇಲೆ, ನಮ್ಮ ದೇಶದಲ್ಲಿ 2003ರಲ್ಲಿ, ಅದನ್ನು ಅರ್ಧಕ್ಕಿಳಿಸಿದರು. ಹೀಗೆ ಹಾದಿಗಳು ಹೆಚ್ಚಿದವು, ಮಾತಿನ ಹೊಣೆಯೂ ಹೆಚ್ಚಿತು.

ಏಕೆಂದರೆ ರೇಡಾರಿನ ತೆರೆ, ಕಂಪ್ಯೂಟರು ಎಲ್ಲ ಇದ್ದರೂ ಕಂಟ್ರೋಲರನಿಗೂ ಪೈಲಟನಿಗೂ ನಡುವೆ ಮುಖ್ಯವಾಗಿ ಇರುವುದು ಧ್ವನಿ. ಇಲ್ಲಿ ಆನಂದವರ್ಧನನ ಧ್ವನಿಯಲ್ಲ, ಕಂಠದ ಧ್ವನಿ. ಒಂದು ಕ್ಷೇತ್ರದಲ್ಲಿರುವ ವಿಮಾನಗಳೆಲ್ಲ ಒಂದೇ ತರಂಗದ ಮೇಲೆ ಮಾತನಾಡುತ್ತವೆ. ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಕೇಳುವವರ ಕಿವಿಗೆ ಬೀಳುವುದು ಬರಿಯ ಕೀರಲು. ಕಂಟ್ರೋಲರ್ ಒಂದು ವಿಮಾನವನ್ನು ಹೆಸರಿಟ್ಟು ಕರೆದು, ಇಂಥ ಎತ್ತರಕ್ಕೆ ಇಳಿ, ಇಂಥ ದಿಕ್ಕಿಗೆ ತಿರುಗು ಎನ್ನುತ್ತಾನೆ. ಪೈಲಟ್ ಅದೇ ಅಂಕಿಗಳನ್ನು ಹಾಗೆಯೇ ಮರಳಿ ಹೇಳಬೇಕು. ವೇದಪಾಠದಲ್ಲಿ ಸಂಥೆ ಹೇಳಿಸುವುದನ್ನು ಕಂಡವರಿಗೆ ಈ ಕ್ರಮ ಹೊಸದಲ್ಲ. ವ್ಯತ್ಯಾಸವೆಂದರೆ, ಇಲ್ಲಿ ಒಪ್ಪಿಸುವವನಿಗಿಂತ ಕೇಳಿಸಿಕೊಳ್ಳುವವನ ಕೆಲಸ ಕಷ್ಟದ್ದು. ಮುಂದಿನ ವಿಮಾನದ ಚಿಂತೆಯಲ್ಲಿರುವ ಕಿವಿ ತಾನು ನಿರೀಕ್ಷಿಸಿದ್ದನ್ನೇ ಕೇಳಿಬಿಡುತ್ತದೆ. ತನ್ನದೇ ಪುಸ್ತಕದ ಕರಡು ತಿದ್ದಿದವರಿಗೆ ಈ ಅನುಭವ ಉಂಟು. ಕಣ್ಣು ತಪ್ಪಿನ ಮೇಲೆಯೇ ಹಾದುಹೋಗಿರುತ್ತದೆ.

ಇನ್ನು ‘ರೋಜರ್’ ಎಂಬ ಪದ. ಸಿನಿಮಾಗಳಲ್ಲಿ ಕೇಳಿ ಅದಕ್ಕೆ ‘ಆಗಲಿ’ ಎಂದು ಅರ್ಥವಿದ್ದೀತೆಂದು ನಾನು ತಿಳಿದಿದ್ದೆ. ಅಲ್ಲವಂತೆ. ‘ನೀವು ಹೇಳಿದ್ದು ಪೂರ್ತಿ ಕೇಳಿಸಿತು’ ಎಂಬಷ್ಟೇ ಅದರ ಅರ್ಥ. ಒಪ್ಪಿದೆ ಎಂದಾಗಲಿ, ಮಾಡುತ್ತೇನೆ ಎಂದಾಗಲಿ ಅಲ್ಲ. ಅವಕ್ಕೆ ಬೇರೆ ಪದಗಳಿವೆ. ನಮ್ಮ ‘ಹೂಂ’ ಎಷ್ಟು ಕೆಲಸ ಮಾಡುತ್ತದೆ ನೋಡಿ! ಕಥೆ ಕೇಳುವ ಮಗುವಿನ ಹೂಂ, ಸಾಲ ಕೇಳಿದಾಗಿನ ಹೂಂ, ಮದುವೆಗೆ ಒಪ್ಪಿಕೊಂಡ ಹೂಂ. ಅಂಥ ಒಂದು ಹೂಂಕಾರಕ್ಕೂ ಆ ಲೋಕದಲ್ಲಿ ಎಡೆಯಿಲ್ಲ.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. 1977ರ ಮಾರ್ಚ್ 27. ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದ ಲಾಸ್ ರೋಡಿಯೋಸ್ ಎಂಬ ಸಣ್ಣ ನಿಲ್ದಾಣ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದದ್ದರಿಂದ ದೊಡ್ಡ ದೊಡ್ಡ ವಿಮಾನಗಳು ಇಲ್ಲಿ ಬಂದು ಇಳಿದಿದ್ದವು. ಮಧ್ಯಾಹ್ನದ ಮೇಲೆ ಮಂಜು ಕವಿಯಿತು. ಕೆ.ಎಲ್.ಎಂ. ಸಂಸ್ಥೆಯ ಜಂಬೋ ವಿಮಾನವೊಂದು ರನ್‌ವೇಯ ತುದಿಗೆ ಹೋಗಿ ತಿರುಗಿ ನಿಂತಿತ್ತು. ಅದೇ ರನ್‌ವೇಯ ಮೇಲೆ ಪ್ಯಾನ್ ಆ್ಯಮ್ ಸಂಸ್ಥೆಯ ಇನ್ನೊಂದು ಜಂಬೋ ನಿಧಾನವಾಗಿ ಉರುಳುತ್ತ ಎದುರಿಗೆ ಬರುತ್ತಿತ್ತು. ಅವರಿಗೆ ಇವರು ಕಾಣರು. ಇಬ್ಬರೂ ಗೋಪುರದವನಿಗೆ ಕಾಣರು. ನೆಲವನ್ನು ತೋರಿಸುವ ರೇಡಾರ್ ಅಲ್ಲಿರಲಿಲ್ಲ. ಗೋಪುರದಿಂದ ಡಚ್ ಪೈಲಟರಿಗೆ ಬಂದದ್ದು, ಮೇಲೇರಿದ ಬಳಿಕ ಹಿಡಿಯಬೇಕಾದ ಹಾದಿಯ ವಿವರ, ಏರಲು ಅನುಮತಿಯಲ್ಲ. ಆದರೆ ಆ ವಾಕ್ಯದಲ್ಲಿಯೂ ‘ಟೇಕ್ ಆಫ್’ ಎಂಬ ಪದವಿತ್ತು. ಸಹಪೈಲಟ್ ಅದನ್ನು ಮರಳಿ ಒಪ್ಪಿಸಿ, ಕೊನೆಯಲ್ಲಿ ನಾವೀಗ ಟೇಕ್ ಆಫ್‌ನಲ್ಲಿದ್ದೇವೆ ಎಂಬರ್ಥದ ಮಾತೊಂದನ್ನು ಸೇರಿಸಿದ. ಏರುವ ಜಾಗದಲ್ಲಿ ನಿಂತಿದ್ದಾರೆ ಎಂದು ಗೋಪುರದವನು ತಿಳಿದ. ವಿಮಾನ ಆಗಲೇ ಓಡತೊಡಗಿತ್ತು. ಡಚ್ ಭಾಷೆಯ ವಾಕ್ಯರಚನೆ ಇಂಗ್ಲಿಷಿನೊಳಗೆ ನುಸುಳಿ ಈ ಪ್ರಯೋಗ ಆಗಿರಬಹುದೆಂದು ಕೆಲವು ಭಾಷಾವಿಜ್ಞಾನಿಗಳ ಊಹೆ. ನಮ್ಮ ‘ಬಂದೆ’ಯೂ ಅಲ್ಲಿ ಇದನ್ನೇ ಮಾಡುತ್ತಿತ್ತು.

ಗೋಪುರದವನು ‘ಓಕೆ’ ಎಂದು, ಕ್ಷಣ ತಡೆದು, ಕಾದಿರಿ, ಕರೆಯುತ್ತೇನೆ ಎಂದ. ಅದೇ ಹೊತ್ತಿಗೆ ಪ್ಯಾನ್ ಆ್ಯಮ್‌ನವರು, ನಾವಿನ್ನೂ ರನ್‌ವೇಯ ಮೇಲಿದ್ದೇವೆ ಎಂದು ಕೂಗಿಕೊಂಡರು. ಎರಡು ಮಾತು ಒಂದರ ಮೇಲೊಂದು ಬಿದ್ದವು. ಡಚ್ಚರ ಕಿವಿಗೆ ಸ್ಪಷ್ಟವಾಗಿ ಬಿದ್ದದ್ದು ಆ ‘ಓಕೆ’, ಆಮೇಲೆ ಕೀರಲು. ಒಳಗಿದ್ದ ಫ್ಲೈಟ್ ಎಂಜಿನಿಯರನಿಗೆ ಅನುಮಾನ ಬಂತು. ಹಾಗಾದರೆ ಆ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಕೇಳಿದ. ಬಿಟ್ಟಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದ. ಆ ಕ್ಯಾಪ್ಟನ್ ಸಂಸ್ಥೆಯಲ್ಲೇ ಹಿರಿಯ ತರಬೇತುದಾರ. ಹಿರಿಯನ ಮುಂದೆ ಸಂದೇಹ ಪ್ರಶ್ನೆಯ ರೂಪದಲ್ಲಿ ಬಂತು, ತಡೆಯ ರೂಪದಲ್ಲಿ ಬರಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಎಲ್ಲ ಮುಗಿಯಿತು. ಬದುಕಿ ಉಳಿದವರು 61 ಮಂದಿ, ಎಲ್ಲರೂ ಪ್ಯಾನ್ ಆ್ಯಮ್ ವಿಮಾನದವರು.

ಅಲ್ಲಿಂದೀಚೆಗೆ ‘ಟೇಕ್ ಆಫ್’ ಎಂಬ ಪದವನ್ನು ಏರಲು ಅನುಮತಿ ಕೊಡುವಾಗ ಅಥವಾ ಆ ಅನುಮತಿಯನ್ನು ಹಿಂತೆಗೆದುಕೊಳ್ಳುವಾಗ ಮಾತ್ರ ಉಚ್ಚರಿಸಬೇಕೆಂಬ ಕಟ್ಟಳೆ ಬಂತು. ಬೇರೆಲ್ಲ ಕಡೆ ‘ಡಿಪಾರ್ಚರ್’. ಒಂದು ಪದವನ್ನು ಹೀಗೆ ಬೀಗ ಹಾಕಿ ಇಟ್ಟದ್ದನ್ನು ನಾನು ಯಾವ ವ್ಯಾಕರಣದಲ್ಲೂ ಕಂಡಿಲ್ಲ.

ಮಾತು ನೆಟ್ಟಗಿದ್ದೂ ಕೆಡುವುದುಂಟು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಿಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತರು. ಕಜಕ್ ವಿಮಾನಕ್ಕೆ ದಿಲ್ಲಿಯಿಂದ ಹೇಳಿದ್ದ ಎತ್ತರ 15,000 ಅಡಿ, ಎದುರಿನದಕ್ಕೆ 14,000. ಎದುರಿಗೆ ವಿಮಾನವಿದೆ ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಆದರೆ ಕಜಕ್ ವಿಮಾನದಲ್ಲಿ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದವನು ರೇಡಿಯೊ ಆಪರೇಟರ್, ನಡೆಸುತ್ತಿದ್ದವರು ಬೇರೆ. ವಿಮಾನ ಹೇಳಿದ ಎತ್ತರವನ್ನು ದಾಟಿ ಕೆಳಗಿಳಿಯಿತು. ಎದುರಿನ ವಿಮಾನವನ್ನು ತಾನೇ ಗುರುತಿಸಿ ಎಚ್ಚರಿಸುವ ಯಂತ್ರವನ್ನು ನಮ್ಮ ದೇಶ ಕಡ್ಡಾಯ ಮಾಡಿದ್ದು ಆ ಬಳಿಕ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಪ್ರಸಂಗ. 1990ರ ಜನವರಿ 25ರಂದು ಕೊಲಂಬಿಯಾದ ಏವಿಯಾಂಕಾ ವಿಮಾನವೊಂದು ನ್ಯೂಯಾರ್ಕಿಗೆ ಬಂತು. ಹವೆ ಕೆಟ್ಟಿತ್ತು, ಒಂದು ಗಂಟೆಗೂ ಹೆಚ್ಚು ಕಾಲ ಸುತ್ತು ಹಾಕಿಸಿದರು. ಇಂಧನ ಮುಗಿಯುತ್ತ ಬಂದಿತ್ತು. ತುರ್ತು ಸ್ಥಿತಿ ಎಂದು ಹೇಳು ಎಂದು ಕ್ಯಾಪ್ಟನ್ ಸಹಪೈಲಟನಿಗೆ ಸ್ಪ್ಯಾನಿಷಿನಲ್ಲಿ ಹೇಳಿದ. ಹೇಳಿದ್ದೇನೆ ಎಂದು ಆತ ಉತ್ತರಿಸಿದ. ಆದರೆ ಇಂಗ್ಲಿಷಿನಲ್ಲಿ ಆತ ಹೇಳಿದ್ದು, ಮತ್ತೊಮ್ಮೆ ಪ್ರಯತ್ನಿಸುತ್ತೇವೆ, ಇಂಧನ ಕಡಿಮೆಯಾಗುತ್ತಿದೆ ಎಂಬಷ್ಟನ್ನು. ‘ಎಮರ್ಜೆನ್ಸಿ’ ಎಂಬ ಪದ ಅವನ ಬಾಯಿಂದ ಬರಲೇ ಇಲ್ಲ. ಆ ಪದವಿಲ್ಲದೆ ಕಂಟ್ರೋಲರನಿಗೆ ಅದು ಬರಿಯ ಸುದ್ದಿಯಾಯಿತು. ಎಂಜಿನ್ನುಗಳು ಒಂದೊಂದಾಗಿ ನಿಂತು ವಿಮಾನ ಬಿತ್ತು. 158 ಮಂದಿಯಲ್ಲಿ 73 ಜನ ತೀರಿಕೊಂಡರು.

ಆ ತರುಣ ಏಕೆ ಹೇಳಲಿಲ್ಲ? ಆತನನ್ನು ನಾನು ಬಲ್ಲೆ ಎನ್ನಿಸುತ್ತದೆ. ಮನೆಯಲ್ಲಿ ಅಕ್ಕಿ ಮುಗಿದಿದ್ದರೂ ನೆರೆಯವರ ಮುಂದೆ ‘ಈ ಸಲ ಸ್ವಲ್ಪ ತೊಂದರೆ’ ಎನ್ನುವವರ ನಡುವೆಯೇ ನಾನು ಬೆಳೆದದ್ದು. ಆಡದೆ ಉಳಿದದ್ದನ್ನು ಅರಿಯುವವನೇ ಸಹೃದಯ ಎಂದು ಬದುಕಿನುದ್ದಕ್ಕೂ ಪಾಠ ಹೇಳಿದೆ. ಅದನ್ನು ಈಗಲೂ ಹಿಂತೆಗೆದುಕೊಳ್ಳಲಾರೆ. ಆದರೆ ಕತ್ತಲ ಕೋಣೆಯಲ್ಲಿ ತೆರೆಯ ಮುಂದೆ ಹತ್ತು ಹದಿನೈದು ವಿಮಾನಗಳನ್ನು ಕಾಯುತ್ತಿರುವವನನ್ನು ಸಹೃದಯನಾಗು ಎಂದು ಕೇಳುವುದು ಅನ್ಯಾಯ.

ನನ್ನ ವಿದ್ಯಾರ್ಥಿ ಅವರ ನಿಘಂಟಿನಲ್ಲಿ ತುಂಬ ಮೆಚ್ಚುವುದು ‘ಅನೇಬಲ್’ ಎಂಬ ಪದವನ್ನು. ಮಳೆಗಾಲದಲ್ಲಿ ಎಡಕ್ಕೆ ತಿರುಗು ಎಂದು ಈತ ಹೇಳುತ್ತಾನೆ. ಎಡಕ್ಕೆ ಗುಡುಗಿನ ಮೋಡದ ಗೋಡೆಯಿರುವುದು ಪೈಲಟನ ಕಣ್ಣಿಗೆ ಕಾಣುತ್ತದೆ. ‘ಅನೇಬಲ್’ ಎನ್ನುತ್ತಾನೆ. ಆಗದು, ಅಷ್ಟೇ. ಕ್ಷಮೆಯಿಲ್ಲ, ಪೀಠಿಕೆಯಿಲ್ಲ. ಈತನಿಗೆ ಬೇಸರವೂ ಇಲ್ಲ. ಹಿಂದಿರುವ ನಾಲ್ಕು ವಿಮಾನಗಳ ಸಾಲನ್ನೇ ಬದಲಿಸಿ ಆತನಿಗೆ ಬಲಕ್ಕೆ ದಾರಿ ಕೊಡುತ್ತಾನೆ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ, ಕಾಣುವವರೂ ಅಲ್ಲ.

“ಅಷ್ಟು ಮಾತಿನಲ್ಲಿ ಒಂದಾದರೂ ಹೆಚ್ಚಿನ ಪದ ಇಲ್ಲವೇನಯ್ಯಾ?” ಎಂದು ಕೇಳಿದೆ. ಒಂದಿದೆಯಂತೆ. ವಿಮಾನ ಇವನ ಎಲ್ಲೆಯನ್ನು ದಾಟುವಾಗ ಮುಂದಿನವರ ತರಂಗದ ಅಂಕಿಯನ್ನು ಕೊಡಬೇಕು. ಪೈಲಟ್ ಅದನ್ನು ಮರಳಿ ಒಪ್ಪಿಸಬೇಕು. ಅಲ್ಲಿಗೆ ನಿಯಮ ಮುಗಿಯಿತು. ಆಮೇಲೆ ಯಾವ ಪುಸ್ತಕವೂ ಹೇಳದಿದ್ದರೂ ಇವನು ‘ನಮಸ್ಕಾರ್’ ಎನ್ನುತ್ತಾನೆ. ಅತ್ತಲಿಂದಲೂ ‘ನಮಸ್ಕಾರ್’ ಬರುತ್ತದೆ, ಕೆಲವೊಮ್ಮೆ ಪರದೇಶದವರ ಉಚ್ಚಾರದಲ್ಲಿ. ಅಷ್ಟರಲ್ಲಿ ಇನ್ನೊಬ್ಬ ಕರೆಯುತ್ತಿರುತ್ತಾನೆ.