ಎಚ್ಚರಗೊಂಡ ಗಣಕ, ಕಣ್ತೆರೆಯದ ಪರದೆ



ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ, ಮರುದಿನದ ಚಿತ್ರೀಕರಣಕ್ಕೆ ಬೇಕಾದ ಬರಹವನ್ನು ಲ್ಯಾಪ್‌ಟಾಪಿನಲ್ಲಿ ಸಿದ್ಧಪಡಿಸುತ್ತಿದ್ದೆ. ಊಟಕ್ಕೆ ಏಳುವಾಗ ಮುಚ್ಚಳ ಮುಚ್ಚಿದೆ. ಬಂದು ತೆರೆದರೆ ಫ್ಯಾನು ತಿರುಗುತ್ತಿದೆ, ದೀಪ ಉರಿಯುತ್ತಿದೆ, ಪರದೆ ಮಾತ್ರ ಕಪ್ಪು. ತಾಳ್ಮೆಗೆಟ್ಟು ಪವರ್ ಗುಂಡಿಯನ್ನು ಒತ್ತಿಹಿಡಿದು ಯಂತ್ರವನ್ನು ಆರಿಸಿಬಿಟ್ಟೆ. ಸೇವ್ ಮಾಡದ ನಾಲ್ಕು ಪುಟ ಹೋದವು. ಯಂತ್ರ ಸತ್ತಿದೆ ಎಂದೇ ನಾನು ತಿಳಿದಿದ್ದೆ. ಬಹುಶಃ ಅದು ಪೂರ್ತಿ ಎಚ್ಚರವಾಗಿಯೇ ಇತ್ತು!

ಇದು ಹೇಗೆ ಸಾಧ್ಯ? ಗಣಕದ ನಿದ್ದೆಗೂ ನಿಯಮಗಳಿವೆ. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಕಂಪೆನಿಗಳು ಎಸಿಪಿಐ ಎಂಬ ನಿಯಮಾವಳಿಯನ್ನು ಹೊರತಂದವು. ಅದರಲ್ಲಿ ಎಸ್3 ಎಂಬುದು ಒಂದು ಬಗೆಯ ಗಾಢನಿದ್ದೆ. ಆಗ ರ‍್ಯಾಮ್ ಎಂಬ ನೆನಪಿನ ಕೋಶಕ್ಕೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಪ್ರೊಸೆಸರು, ಡಿಸ್ಕು, ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ಪು ಎಲ್ಲ ಆರಿರುತ್ತವೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಹಲವು ಇದಕ್ಕಿಂತ ಹಗುರವಾದ ನಿದ್ದೆ ಮಾಡುತ್ತವೆ, ಅದಿರಲಿ.

ವಿದ್ಯುತ್ ಹೋದೊಡನೆ ಗ್ರಾಫಿಕ್ಸ್ ಚಿಪ್ಪು ತನ್ನ ಲೆಕ್ಕವನ್ನೆಲ್ಲ ಮರೆಯುತ್ತದೆ. ಆ ಲೆಕ್ಕ ಸಣ್ಣದಲ್ಲ. ಟಿವಿಯ ಸಾಮಾನ್ಯ ಅಳತೆಯನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವುದು 1080 ಗೆರೆ, ಗೆರೆಗೆ 1920 ಬಿಂದು. ಗೆರೆಗಳ ನಡುವಿನ, ಚಿತ್ರಗಳ ನಡುವಿನ ವಿರಾಮ ಸೇರಿದರೆ 1125 ಗೆರೆ, 2200 ಬಿಂದು. ಸೆಕೆಂಡಿಗೆ 60 ಚಿತ್ರವೆಂದರೆ ಚಿಪ್ಪಿನ ಗಡಿಯಾರ 14 ಕೋಟಿ 85 ಲಕ್ಷ ಬಾರಿ ಮಿಡಿಯಬೇಕು. ಗುಣಿಸಿ ನೋಡಿ.

ಈ ಲೆಕ್ಕವನ್ನು ಕಾಯುವ ತಂತ್ರಾಂಶವೇ ಡಿಸ್‌ಪ್ಲೇ ಡ್ರೈವರ್. ಮಲಗುವ ಮುನ್ನ ಅದು ಬೇಕಾದ ಅಂಕಿಗಳನ್ನು ರ‍್ಯಾಮಿನಲ್ಲಿ ಬರೆದಿಡುತ್ತದೆ. ಎದ್ದಾಗ ಗಡಿಯಾರವನ್ನು ಮತ್ತೆ ಹೊಂದಿಸಿ, ಫಲಕಕ್ಕೆ ವಿದ್ಯುತ್ ಕೊಟ್ಟು, ಅದು ಅಣಿಯಾದ ಮೇಲೆ ಹಿಂಬದಿಯ ಬೆಳಕನ್ನು ಹೊತ್ತಿಸುತ್ತದೆ. ಒಂದು ಹೆಜ್ಜೆ ತಪ್ಪಿದರೂ ಕತ್ತಲು.

ಲಿನಕ್ಸ್ ಬಳಸುವವರು ಇದರಿಂದ ಬಹಳ ಕಾಲ ಗೋಳಾಡಿದರು. ಪರದೆಯನ್ನು ಹೊಂದಿಸುವ ಕೆಲಸ ಅಲ್ಲಿ ಕರ್ನೆಲಿನ ಹೊರಗೆ, ಎಕ್ಸ್ ಸರ್ವರ್ ಎಂಬ ತಂತ್ರಾಂಶದ ಪಾಲಾಗಿತ್ತು. ಕರ್ನೆಲ್ ಮೊದಲು ಎದ್ದರೂ ಪರದೆಯನ್ನು ಹೊಂದಿಸುವುದು ತಿಳಿಯದು! ಯಂತ್ರಕ್ಕೊಂದು ಉಪಾಯವೆಂದು ಪಟ್ಟಿಯನ್ನೇ ಮಾಡಿಟ್ಟಿದ್ದರು. 2009ರ ಮಾರ್ಚಿನಲ್ಲಿ ಬಂದ 2.6.29 ಆವೃತ್ತಿಯಲ್ಲಿ, ಇಂಟೆಲ್ ಚಿಪ್ಪುಗಳ ಮಟ್ಟಿಗೆ ಈ ಹೊಣೆ ಕರ್ನೆಲಿನೊಳಗೇ ಬಂತು.

ನಿಮಗೂ ಹೀಗಾದರೆ ಕ್ಯಾಪ್ಸ್ ಲಾಕ್ ಕೀಲಿ ಒತ್ತಿ ನೋಡಿ. ಅದರ ದೀಪ ಹೊತ್ತಿ ಆರುತ್ತಿದ್ದರೆ ಗಣಕ ನಿಮ್ಮ ಮಾತು ಕೇಳುತ್ತಿದೆ ಎಂದೇ ಅರ್ಥ. ವಿಂಡೋಸ್ 10 ಅಥವಾ 11 ಇದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಡ್ರೈವರ್ ಹೊಸದಾಗಿ ಆರಂಭವಾಗುತ್ತದೆ, ಎಷ್ಟೋ ಸಲ ಚಿತ್ರ ಮರಳುತ್ತದೆ. ಬರೆದದ್ದು ಅಲ್ಲೇ ಇರುತ್ತದೆ.

ನನಗೆ ಆ ರಾತ್ರಿ ಇದು ಗೊತ್ತಿರಲಿಲ್ಲ. ನಾಲ್ಕು ಪುಟ ಮತ್ತೆ ಬರೆದು ಮುಗಿಸುವಾಗ ಹಾಲಿನವನ ಸೈಕಲ್ ಗಂಟೆ ಕೇಳಿಸಿತು.